ಯಂತ್ರದ ಸಾಕ್ಷ್ಯಕ್ಕೂ ಪಾಟೀಸವಾಲು ಬೇಕು

(ಕಡೂರು ಮತ್ತು ಅಜ್ಜಂಪುರದ ಸಭೆಗಳ ಬಳಿಕ ತರೀಕೆರೆಯ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)



ಕಳೆದ ವಾರ ಕಡೂರಿನ ಸಭೆಯಲ್ಲಿ ನಾವು ಮಾತು ಆರಂಭಿಸುವ ಮುನ್ನವೇ ಮಹಿಳೆಯರ ಸಾಲಿನಿಂದ ಒಂದು ಚೀಟಿ ಬಂತು. 'ಮಗ ಹೊಸ ಸಿಮ್ ಕೊಂಡ ಮೇಲೆ ಹಳೆಯದನ್ನು ಗೆಳೆಯನಿಗೆ ಕೊಟ್ಟಿದ್ದಾನೆ. ಅದರಲ್ಲಿ ಇನ್ನೂ ಎರಡು ತಿಂಗಳ ರೀಚಾರ್ಜ್ ಉಳಿದಿತ್ತಂತೆ. ಇದು ತಪ್ಪೇ?' ಎಂದು ಅದರಲ್ಲಿ ಬರೆದಿತ್ತು. ಎಷ್ಟು ಸರಳವಾದ ಪ್ರಶ್ನೆ! ಉಳಿದಿರುವುದನ್ನು ವ್ಯರ್ಥ ಮಾಡಬಾರದು, ಅಗತ್ಯವಿರುವವನಿಗೆ ಕೊಡಬೇಕು ಎಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಆದರೆ ಆ ಚೀಟಿಯನ್ನು ಓದುತ್ತಿರುವಾಗ ನಮಗೆ ಇದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೆಳೆದ ಒಬ್ಬ ಯುವಕನ ನೆನಪಾಯಿತು. ಅವರೂ ಇದನ್ನೇ ಮಾಡಿದ್ದರು. ಅದಕ್ಕಾಗಿ ಅವರು ತೆತ್ತ ಬೆಲೆಯನ್ನು ಜಗತ್ತೇ ನೋಡಿತು.

ಮೂಡಿಗೆರೆಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮುಹಮ್ಮದ್ ಹನೀಫ್‌ರ ಹೆಸರನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಅವರು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದರು. 2006ರ ಜುಲೈಯಲ್ಲಿ ಆ ದೇಶವನ್ನು ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ದೂರದ ಸಂಬಂಧಿಯೊಬ್ಬರಿಗೆ ಕೊಟ್ಟರು; ಉಳಿದಿದ್ದ ಮಾತಿನ ನಿಮಿಷಗಳು ಅವರಿಗಾದರೂ ಪ್ರಯೋಜನವಾಗಲಿ ಎಂಬುದಷ್ಟೇ ಉದ್ದೇಶ. ನಂತರ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಲಾಯಿತು. ನುಗ್ಗಿಸಿದವರಲ್ಲೊಬ್ಬ, ಸಿಮ್ ಪಡೆದಿದ್ದ ಆ ಸಂಬಂಧಿಯ ಅಣ್ಣ. ಎರಡು ದಿನಗಳ ಬಳಿಕ ಜುಲೈ 2ರಂದು ಡಾ. ಹನೀಫ್ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಅವರು ಬೆಂಗಳೂರಿಗೆ ಹೊರಟಿದ್ದರು.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಕೇಳಬೇಕು. ದೋಷಾರೋಪವಿಲ್ಲದೆಯೇ ಅವರನ್ನು ಹನ್ನೆರಡು ದಿನ ಇಟ್ಟುಕೊಳ್ಳಲಾಯಿತು. ವಿಚಾರಣೆಗೆ ಕಾನೂನು ನೀಡಿದ್ದ ಅವಧಿ ಅಷ್ಟು ದೀರ್ಘವಾಗಿರಲಿಲ್ಲ. ಆದರೆ ಇತರ ದೇಶದಿಂದ ಮಾಹಿತಿ ಬರಬೇಕು, ಎರಡು ದೇಶಗಳ ಗಡಿಯಾರಗಳ ನಡುವೆ ವ್ಯತ್ಯಾಸವಿದೆ ಎಂಬಿತ್ಯಾದಿ ಕಾರಣಗಳಿಗಾಗಿ ಪ್ರಶ್ನಿಸದೆ ಸುಮ್ಮನೆ ಕಳೆಯುವ ಸಮಯವನ್ನು ಆ ದೇಶದ ಭಯೋತ್ಪಾದನಾ ವಿರೋಧಿ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಮಿತಿಯೂ ಇರಲಿಲ್ಲ. ಕೊನೆಗೆ ಜುಲೈ 14ರಂದು ಆರೋಪ ಹೊರಿಸಲಾಯಿತು. ಆ ಸಿಮ್ ಕಾರ್ಡು ಗ್ಲಾಸ್ಗೊದಲ್ಲಿ ಉರಿದ ಜೀಪಿನೊಳಗೆ ಸಿಕ್ಕಿದೆ ಎಂದು ಸರಕಾರಿ ವಕೀಲರು ನ್ಯಾಯಾಲಯಕ್ಕೆ ತಿಳಿಸಿದರು. ಅದು ಸುಳ್ಳಾಗಿತ್ತು. ಸಿಮ್ ಇದ್ದುದು ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಲಿವರ್‌ಪೂಲ್‌ನಲ್ಲಿ, ಆ ಸಂಬಂಧಿಯ ಬಳಿಯಲ್ಲಿ. ಒಬ್ಬ ಪತ್ರಕರ್ತ ಅದನ್ನು ಬಯಲಿಗೆಳೆದರು. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ನೀಡಿದರೆ, ಅದೇ ದಿನ ಅಲ್ಲಿನ ವಲಸೆ ಸಚಿವರು ವೀಸಾವನ್ನೇ ರದ್ದುಪಡಿಸಿದರು. ಜುಲೈ 27ರಂದು ಪ್ರಾಸಿಕ್ಯೂಶನ್ ಆರೋಪವನ್ನು ಹಿಂತೆಗೆದುಕೊಂಡಿತು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್‌ರ ವಿಚಾರಣಾ ವರದಿ 2008ರ ಡಿಸೆಂಬರಿನಲ್ಲಿ ಹೊರಬಂದು ಹನೀಫ್ ನಿರಪರಾಧಿಯೆಂಬುದನ್ನು ಸ್ಪಷ್ಟಪಡಿಸಿತು. 2010ರಲ್ಲಿ ಪರಿಹಾರ ದೊರೆಯಿತು. ಮಿತಿಯಿಲ್ಲದ ಆ 'ಸತ್ತ ಸಮಯ'ಕ್ಕೆ ಏಳು ದಿನಗಳ ಮಿತಿಯನ್ನು ಹಾಕಿ ಆ ದೇಶವು ತನ್ನ ಕಾನೂನನ್ನು ತಿದ್ದಿಕೊಂಡದ್ದೂ 2010ರಲ್ಲಿಯೇ.

ಈ ಪ್ರಕರಣವನ್ನು ನಾವು ಇಷ್ಟು ವಿಸ್ತಾರವಾಗಿ ಹೇಳಿದ್ದು ಕಣ್ಣೀರು ಸುರಿಸಲಿಕ್ಕಲ್ಲ. ಇದರಲ್ಲಿ ಸಿಮ್ ಕಾರ್ಡು ಎಂದೂ ಸುಳ್ಳು ಹೇಳಲಿಲ್ಲ. 'ನಾನು ಹನೀಫ್‌ರ ಹೆಸರಿನಲ್ಲಿದ್ದೇನೆ' ಎಂದಷ್ಟೇ ಅದು ಹೇಳಿತು. ಉಳಿದುದನ್ನೆಲ್ಲ ಅದರ ಬಾಯಲ್ಲಿ ಹೇಳಿಸಿದವರು ಮನುಷ್ಯರು. ಯಂತ್ರವು ಹೇಳುವುದು ಅಂಗೈಯಷ್ಟು. ಅದರ ಹೆಸರಿನಲ್ಲಿ ನಾವು ಊಹಿಸುವುದು ಊರಿನಷ್ಟು. ಕಾನೂನಿಗೆ ಇಂದು ಎದುರಾಗಿರುವ ನಿಜವಾದ ಸವಾಲು ಇರುವುದು ಈ ಅಂತರದಲ್ಲಿಯೇ. ಹಾಂ, ಇನ್ನೊಂದು ಮಾತು: ಹನೀಫ್‌ರನ್ನು ಪಾರು ಮಾಡಿದ್ದೂ ಅದೇ ಸಿಮ್. ಅದು ಎಲ್ಲಿತ್ತೆಂದು ಸರಿಯಾಗಿ ಕೇಳಿದ ದಿನವೇ ಮೊಕದ್ದಮೆಯ ತಳ ಕುಸಿಯಿತು. ಆದ್ದರಿಂದ ತಂತ್ರಜ್ಞಾನವನ್ನು ಬೈದು ಮನೆಗೆ ಹೋಗುವ ಭಾಷಣವನ್ನು ನಮ್ಮಿಂದ ನಿರೀಕ್ಷಿಸಬೇಡಿ.

ಮದ್ರಸದಲ್ಲಿ ನಾವು ಫಿಕ್ಹ್ ಓದುತ್ತಿದ್ದಾಗ ಸಾಕ್ಷ್ಯದ ಅಧ್ಯಾಯದಲ್ಲಿ 'ತಜ್ಕಿಯಾ' ಎಂಬ ಪದ ಬರುತ್ತಿತ್ತು. ಸಾಕ್ಷಿಯ ಮಾತು ಕೇಳುವ ಮುನ್ನ ಕಾಜಿಯು ಆ ಸಾಕ್ಷಿ ಯಾರು, ಆತನ ನಡವಳಿಕೆ ಹೇಗೆ, ನಂಬಲರ್ಹನೇ ಎಂದು ವಿಚಾರಿಸಬೇಕು. ಅಂದು ಅದು ನಮಗೆ ಹಳೆಯ ಕಾಲದ ಮಾತೆನಿಸಿತ್ತು. ಆದರೆ ಮುಂದೆ ಪತ್ರಿಕೋದ್ಯಮಕ್ಕೆ ಬಂದು ನ್ಯಾಯಾಲಯದ ವರದಿಗಳನ್ನು ಬರೆಯತೊಡಗಿದಾಗ ನಮ್ಮ ದೇಶದ ಕಾನೂನಿನಲ್ಲಿಯೂ ಯಂತ್ರಕ್ಕೊಂದು ತಜ್ಕಿಯಾ ಇದೆಯೆಂಬುದು ಗೊತ್ತಾಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಹಳೆಯ ಸಾಕ್ಷ್ಯ ಕಾಯ್ದೆಗೆ 65ಬಿ ಎಂಬ ವಿಧಿಯನ್ನು ಸೇರಿಸಿತು. ಕಂಪ್ಯೂಟರಿನಿಂದ ಪಡೆದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೇ, ಮಾಹಿತಿಯನ್ನು ಹೇಗೆ ಪಡೆಯಲಾಯಿತು ಎಂದು ಪ್ರಮಾಣಪತ್ರ ನೀಡಬೇಕು ಎಂಬುದು ಅದರ ಸಾರ.

ವಿಪರ್ಯಾಸವೆಂದರೆ, ಈ ವಿಧಿ ಬಹುಕಾಲ ಕಾಗದದಲ್ಲಿಯೇ ಉಳಿಯಿತು. 2005ರಲ್ಲಿ ಸಂಸತ್ ದಾಳಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟು ಆ ಪ್ರಮಾಣಪತ್ರವಿಲ್ಲದೆಯೂ ಮೊಬೈಲ್ ಕರೆಗಳ ವಿವರವನ್ನು ಒಪ್ಪಬಹುದೆಂದಿತು. ಒಂಬತ್ತು ವರ್ಷಗಳ ಬಳಿಕ, 2014ರ ಸೆಪ್ಟೆಂಬರಿನಲ್ಲಿ, ಕೇರಳದ ಒಂದು ಚುನಾವಣಾ ತಕರಾರಿನಲ್ಲಿ ಅದೇ ನ್ಯಾಯಾಲಯವು ಆ ನಿಲುವು ಸರಿಯಲ್ಲವೆಂದೂ ಪ್ರಮಾಣಪತ್ರ ಬೇಕೇ ಬೇಕೆಂದೂ ಹೇಳಿತು. 2020ರಲ್ಲಿ ಅದನ್ನು ಇನ್ನೊಮ್ಮೆ ದೃಢಪಡಿಸಿತು. ಈ ನಡುವಿನ ವರ್ಷಗಳಲ್ಲಿ ದೇಶದ ಎಷ್ಟು ನ್ಯಾಯಾಲಯಗಳಲ್ಲಿ ಎಷ್ಟು ಮಂದಿಯ ವಿರುದ್ಧ ತಜ್ಕಿಯಾ ಇಲ್ಲದ ಸಾಕ್ಷ್ಯ ನಿಂತಿತೋ! ಈಗ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ವಿಧಿಯಲ್ಲಿ ಆ ನಿಯಮ ಇನ್ನಷ್ಟು ಬಿಗಿಯಾಗಿದೆ. ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಎರಡನೆಯದನ್ನು ತಜ್ಞರು ತುಂಬಬೇಕು. 'ಹ್ಯಾಶ್ ಮೌಲ್ಯ'ವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಎಂದಿಟ್ಟುಕೊಳ್ಳಿ. ಕಡತದೊಳಗೆ ಒಂದಕ್ಷರ ಬದಲಾದರೂ ಬೆರಳಚ್ಚೇ ಬದಲಾಗುತ್ತದೆ.

ಇದು ಬರೀ ತಾಂತ್ರಿಕ ಕಿರಿಕಿರಿಯೆಂದು ಭಾವಿಸುವವರು ಬ್ರಿಟನ್ನಿನ ಅಂಚೆ ಇಲಾಖೆಯ ಕತೆಯನ್ನು ಕೇಳಬೇಕು. ಅಲ್ಲಿ ಕಂಪ್ಯೂಟರ್ ಸರಿಯಾಗಿದೆಯೆಂದು ತೋರಿಸಬೇಕೆಂಬ ನಿಯಮವನ್ನು ರದ್ದು ಮಾಡಿ, ಅದು ಸರಿಯಾಗಿಯೇ ಇರುತ್ತದೆಂದು ನ್ಯಾಯಾಲಯಗಳು ಭಾವಿಸತೊಡಗಿದವು. 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವು ಹಣ ಕಡಿಮೆಯಿದೆಯೆಂದು ತಪ್ಪಾಗಿ ತೋರಿಸಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಸಣ್ಣ ಅಂಚೆಕಚೇರಿ ನಡೆಸುವವರು ಕಳ್ಳರೆಂದು ಶಿಕ್ಷೆಗೊಳಗಾದರು. ಭಾರತೀಯ ಮೂಲದ ಒಬ್ಬ ಗರ್ಭಿಣಿ 2010ರಲ್ಲಿ ಸೆರೆಮನೆ ಸೇರಿದರು. ಅವರು ನಿರಪರಾಧಿಯೆಂದು ತೀರ್ಮಾನವಾಗಲು 2021 ಬರಬೇಕಾಯಿತು. ಅಲ್ಲಿ ಧರ್ಮದ ಪ್ರಶ್ನೆಯಿರಲಿಲ್ಲ, ಭಯೋತ್ಪಾದನೆಯ ಪ್ರಶ್ನೆಯೂ ಇರಲಿಲ್ಲ. 'ಕಂಪ್ಯೂಟರ್ ಹೇಳಿದೆ' ಎಂಬ ಎರಡು ಶಬ್ದಗಳಷ್ಟೇ ಸಾಕಾದವು.

ನಮ್ಮ ರಾಜ್ಯಕ್ಕೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ದೇಶದ ಮೂಲೆಮೂಲೆಯ ಪೊಲೀಸರಿಗೂ ಪರಿಚಿತವಾಗಿತ್ತು. ಕಾರಣ, ಮಂಪರು ಪರೀಕ್ಷೆ. ಆರೋಪಿಗೆ ಸೋಡಿಯಂ ಪೆಂಟಥಾಲ್ ಎಂಬ ಮದ್ದು ಚುಚ್ಚಿ, ಅರೆಪ್ರಜ್ಞೆಯಲ್ಲಿ ಪ್ರಶ್ನೆ ಕೇಳಿ, ಬಂದ ತೊದಲು ಮಾತನ್ನು ಸತ್ಯವೆಂದು ತಿಳಿಯುವ ವಿಧಾನವದು. ಛಾಪಾಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು 2006ರಲ್ಲಿ ಟಿವಿಯಲ್ಲಿಯೇ ಪ್ರಸಾರವಾದವು. ಜನರು ಚಹಾ ಕುಡಿಯುತ್ತಾ ನೋಡಿದರು. ಅದೇ ವರ್ಷದ ಮಾಲೆಗಾಂವ್ ಸ್ಫೋಟದಲ್ಲಿ ಬಂಧಿತರಾದ ಮುಸ್ಲಿಮರನ್ನೂ ಪರೀಕ್ಷೆಗಾಗಿ ಬೆಂಗಳೂರಿಗೆ ಕರೆತರಲಾಯಿತು. ಅವರಿಗೆ ಜಾಮೀನು ಸಿಕ್ಕಿದ್ದು 2011ರಲ್ಲಿ. ವಿಶೇಷ ನ್ಯಾಯಾಲಯವು ಅವರನ್ನು ಆರೋಪದಿಂದಲೇ ಮುಕ್ತಗೊಳಿಸಿದ್ದು 2016ರಲ್ಲಿ. ಅಷ್ಟರಲ್ಲಿ ಅವರಲ್ಲೊಬ್ಬರು ತೀರಿಕೊಂಡಿದ್ದರು.

ಆ ಯಂತ್ರವನ್ನು ಪ್ರಶ್ನಿಸಿದವರು ಯಾರು? ಕೋರಮಂಗಲ ಪೊಲೀಸ್ ಠಾಣೆಯ ಒಂದು ಪ್ರಕರಣದಿಂದ ಬಂದ ಸೆಲ್ವಿ ಎಂಬ ಮಹಿಳೆ. 2004ರಲ್ಲಿ ನಮ್ಮ ಹೈಕೋರ್ಟು ಅವರ ವಾದವನ್ನು ಒಪ್ಪಲಿಲ್ಲ. ಅವರು ಸುಪ್ರೀಮ್ ಕೋರ್ಟಿಗೆ ಹೋದರು. 2010ರ ಮೇ 5ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಅದಕ್ಕೆ ಆಧಾರ. ಒಪ್ಪಿಗೆ ಕೊಟ್ಟರೂ ಅಲ್ಲಿ ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ. 2025ರ ಜೂನ್‌ನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಇದನ್ನು ಮತ್ತೆ ಹೇಳಬೇಕಾಗಿ ಬಂತೆಂದರೆ ಹಳೆಯ ಚಾಳಿ ಎಷ್ಟು ಗಟ್ಟಿಯೆಂದು ತಿಳಿಯಬಹುದು. ನಮ್ಮ ಖಾಸಗಿತನವನ್ನು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಘೋಷಿಸಿದ ಮೊಕದ್ದಮೆಯ ಅರ್ಜಿದಾರರೂ ಕನ್ನಡ ನಾಡಿನವರೇ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಈ ಇಬ್ಬರ ಹೆಸರು ಗೊತ್ತಿದೆ? ಅವರು ನಡೆಸಿದ ಹೋರಾಟದ ಫಲವನ್ನು ನಾವೂ ಉಣ್ಣುತ್ತಿದ್ದೇವೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್‌ರು ಮನೆಬಾಗಿಲಲ್ಲಿ ಹತ್ಯೆಗೀಡಾದಾಗ ಸಿಸಿಟಿವಿಯಲ್ಲಿ ದಾಖಲಾದದ್ದು ಹೆಲ್ಮೆಟ್ ಧರಿಸಿದ ಆಕೃತಿ ಮಾತ್ರ. ತನಿಖಾ ತಂಡವು ನಡಿಗೆಯ ವಿಶ್ಲೇಷಣೆಯೆಂಬ ಹೊಸ ವಿಧಾನವನ್ನೂ ಬಳಸಿ ಆರೋಪಿಯನ್ನು ಗುರುತಿಸಿತು. ಅಂದು ನಾವು ಸಂತೋಷಪಟ್ಟೆವು. ಹಾಗಿದ್ದರೆ ಆ ವಿಧಾನಕ್ಕೂ ಪಾಟೀಸವಾಲು ಬೇಡವೇ? ಬೇಕು. ನಮಗೆ ಪ್ರಿಯರಾದವರ ಹತ್ಯೆಯ ಆರೋಪಿಗೂ ಆ ಹಕ್ಕಿದೆ. ಅದನ್ನು ಒಪ್ಪದವರು ಹನೀಫ್‌ರ ಬಗ್ಗೆ ಮಾತಾಡುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಸ್ವತಃ ನಮ್ಮತ್ತ ಬೆರಳು ತೋರಿಸಿಕೊಳ್ಳುವ ಧೈರ್ಯವೂ ಇರಲಿ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ಫೇಸ್‌ಬುಕ್‌ನ ಒಂದು ನಿಂದನೀಯ ಪೋಸ್ಟು. ದೂರು ಕೊಟ್ಟು ಕಾಯುವ ತಾಳ್ಮೆಯಿಲ್ಲದ ಗುಂಪು. ಶಾಸಕರ ಮನೆ, ಪೊಲೀಸ್ ಠಾಣೆ ಉರಿದವು. ಗೋಲಿಬಾರಿನಲ್ಲಿ ಯುವಕರು ಸತ್ತರು. ಮುನ್ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಹಲವರ ಮೇಲೆ ಯುಎಪಿಎ ಹೇರಲಾಯಿತು. ಕಲ್ಲೆಸೆದವನನ್ನು ಸಮರ್ಥಿಸುವ ಮಾತು ನಮ್ಮಲ್ಲಿಲ್ಲ. ಆದರೆ ಇಂಥ ಸಂದರ್ಭದಲ್ಲಿ ಮೊಬೈಲ್ ಟವರಿನ ವಿವರವನ್ನು ಸಾರಾಸಗಟಾಗಿ ಪಡೆಯುತ್ತಾರಲ್ಲ, ಅದು ಏನು ಹೇಳುತ್ತದೆ? ಈ ಫೋನು ಈ ಟವರಿನ ವ್ಯಾಪ್ತಿಯಲ್ಲಿತ್ತು, ಅಷ್ಟೇ. ಕಲ್ಲೆಸೆದವನೂ ಅಲ್ಲಿದ್ದಾನೆ, ಜ್ವರ ಬಂದು ಪಕ್ಕದ ಓಣಿಯಲ್ಲಿ ಮಲಗಿದವನೂ ಅಲ್ಲಿದ್ದಾನೆ. ಇಬ್ಬರನ್ನೂ ಬೇರ್ಪಡಿಸುವುದು ಟವರಿನ ಕೆಲಸವಲ್ಲ, ತನಿಖಾಧಿಕಾರಿಯ ಕೆಲಸ. ಮುಖ ಗುರುತಿಸುವ ಕ್ಯಾಮೆರಾಗಳ ವಿಚಾರವೂ ಅಷ್ಟೇ. ಅಮೆರಿಕದ ಡೆಟ್ರಾಯಿಟ್ ಪೊಲೀಸರು 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕರಿಯ ವ್ಯಕ್ತಿಯನ್ನು ಮಕ್ಕಳ ಕಣ್ಣೆದುರೇ ಬಂಧಿಸಿದ್ದು ಕಂಪ್ಯೂಟರಿನ ತಪ್ಪು ಹೋಲಿಕೆಯನ್ನು ನಂಬಿ.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದು ಇನ್ನೂ ಭೀಕರ. ಹೈದರಾಬಾದಿನಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಒಬ್ಬ ತರುಣ ಇಂಜಿನಿಯರ್ ಹತನಾದ. ಫಾರ್ವರ್ಡ್ ಮಾಡಿದವರಲ್ಲಿ ಯಾರೂ ಕೊಲೆಗಾರರಾಗಲು ಬಯಸಿರಲಿಕ್ಕಿಲ್ಲ. ನಮ್ಮ ಜಮಾಅತಿನ ಗುಂಪುಗಳಲ್ಲಿ ದಿನಕ್ಕೆ ಎಷ್ಟು ಫಾರ್ವರ್ಡ್ ಬರುತ್ತವೆಂಬುದನ್ನು ಇಲ್ಲಿ ಕುಳಿತಿರುವ ಹಿರಿಯರೇ ಹೇಳಲಿ.

ಇನ್ನು ನಿಮ್ಮ ಪ್ರಶ್ನೆಗಳು. ಪೊಲೀಸರು ಫೋನ್ ಕೇಳಿದರೆ ಏನು ಮಾಡಬೇಕೆಂದು ಅಜ್ಜಂಪುರದಲ್ಲಿ ಹಲವರು ಕೇಳಿದರು. ಜಗಳವಾಡಬೇಡಿ, ಫೋನ್ ಬಚ್ಚಿಡಬೇಡಿ, ಅಳಿಸಲಂತೂ ಹೋಗಲೇಬೇಡಿ. ಅಳಿಸಿದ್ದೇ ಮುಂದೆ ಅಪರಾಧವಾದೀತು. ಆದರೆ ಮಹಜರು ಕೇಳಿ. ಅದರಲ್ಲಿ ಫೋನಿನ ಐಎಂಇಐ ಸಂಖ್ಯೆ ಬರೆಸಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ವಿಧಿಯ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕು. ಇದು ಪೊಲೀಸರಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಪಾಸ್‌ವರ್ಡಿನ ವಿಷಯದಲ್ಲಿ 2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ವೀರೇಂದ್ರ ಖನ್ನಾ ಪ್ರಕರಣದಲ್ಲಿ ವಿವರವಾದ ತೀರ್ಪು ನೀಡಿದೆ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು ಅದು ಹೇಳಿತು. ಆದರೆ ಆರೋಪಿ ನಿರಾಕರಿಸಿದರೆ ತನಿಖಾಧಿಕಾರಿ ನ್ಯಾಯಾಲಯದಿಂದ ವಾರಂಟ್ ಪಡೆಯುವ ದಾರಿಯನ್ನು ಹಿಡಿಯಬೇಕೆಂದೂ, ಫೋನಿನಲ್ಲಿ ಸಿಕ್ಕಿದ್ದೆಲ್ಲ ತಾನಾಗಿ ಅಪರಾಧವನ್ನು ಸಾಬೀತುಪಡಿಸುವುದಿಲ್ಲವೆಂದೂ ಹೇಳಿತು. ವಕೀಲರಿಗೆ ಶುಲ್ಕ ಕೊಡಲಾಗದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 15100ಕ್ಕೆ ಕರೆ ಮಾಡಬಹುದು.

'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ ಹೆದರಿಸುವವನು ಪೊಲೀಸನಲ್ಲ, ಕಳ್ಳ. ಠಾಣೆಗೆ ಹಾಜರಾಗಲು ಪೊಲೀಸರು ನೀಡುವ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲವೆಂದು 2025ರಲ್ಲಿ ಸುಪ್ರೀಮ್ ಕೋರ್ಟೇ ಹೇಳಿದೆ. ಹಣ ಹೋಗಿದ್ದರೆ ನಾಚದೆ ಕೂಡಲೇ 1930ಕ್ಕೆ ಕರೆ ಮಾಡಿ. ಮರ್ಯಾದೆಗೆ ಅಂಜಿ ಎರಡು ದಿನ ಸುಮ್ಮನಿದ್ದರೆ ಹಣ ಹತ್ತು ಖಾತೆಗಳನ್ನು ದಾಟಿರುತ್ತದೆ.

ಆ ಹತ್ತು ಖಾತೆಗಳು ಯಾರವು? ಇದುವೇ ನಮ್ಮನ್ನು ಕಳವಳಕ್ಕೀಡು ಮಾಡುವ ವಿಷಯ. ವಂಚಕರು ತಮ್ಮ ಹೆಸರಿನಲ್ಲಿ ಖಾತೆ ತೆರೆಯುವುದಿಲ್ಲ. ಕಮಿಷನ್ನಿನ ಆಸೆ ತೋರಿಸಿ ನಿರುದ್ಯೋಗಿ ಹುಡುಗರ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮುಗಳನ್ನು ಬಾಡಿಗೆಗೆ ಪಡೆಯುತ್ತಾರೆ. ಕಡೂರಿನ ಆ ತಾಯಿಗೆ ನಾವು ಹೇಳಿದ್ದು ಇದನ್ನೇ: ಮಗ ಕೊಟ್ಟ ಸಿಮ್ಮನ್ನು ವಾಪಸು ತರಿಸಿ, ಬೇಡವಾದರೆ ಅಂಗಡಿಗೆ ಹೋಗಿ ಮುಚ್ಚಿಸಿ. ಸಂಚಾರ್ ಸಾಥಿ ಪೋರ್ಟಲಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂದು ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲಿಯೇ ತಿಳಿಸಬಹುದು.

ಮಕ್ಕಳನ್ನು ಇಂಜಿನಿಯರ್ ಮಾಡುವ ಆಸೆ ನಮ್ಮ ಎಲ್ಲ ಮನೆಗಳಲ್ಲಿಯೂ ಇದೆ. ಕಾನೂನು ಓದಿಸುವ ಆಸೆ ಎಷ್ಟು ಮನೆಗಳಲ್ಲಿದೆ? ವಿಧಿವಿಜ್ಞಾನ ಎಂಬ ಶಬ್ದವನ್ನು ಕೇಳಿದವರೇ ಕಡಿಮೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸು ನಮ್ಮ ಧಾರವಾಡದಲ್ಲಿಯೇ ಇದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ರಾಜ್ಯಗಳಿಗೆ ಅದನ್ನು ಜಾರಿಗೊಳಿಸಲು ಐದು ವರ್ಷಗಳ ಕಾಲಾವಕಾಶವಿದೆ. ಅಷ್ಟೊಂದು ತಜ್ಞರು ಬೇಕಾಗಿದ್ದಾರೆ. ಬಂಧನವಾದ ಮೇಲೆ ಮಸೀದಿಯಲ್ಲಿ ವಕೀಲರ ಶುಲ್ಕಕ್ಕಾಗಿ ಚಂದಾ ಎತ್ತುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಬಂಧನವಾಗದಂತೆ ನೋಡಿಕೊಳ್ಳುವುದನ್ನೂ, ಬಂಧನವಾದರೆ ಯಂತ್ರವನ್ನು ಸರಿಯಾಗಿ ಪ್ರಶ್ನಿಸಬಲ್ಲ ಒಬ್ಬ ವಕೀಲನನ್ನೋ ವಕೀಲೆಯನ್ನೋ ಈ ಮೂರು ಊರುಗಳಿಂದ ತಯಾರು ಮಾಡುವುದನ್ನೂ ಕಲಿತಿಲ್ಲ.

ಅಜ್ಜಂಪುರದ ಸಭೆ ಮುಗಿದು ಜನ ಚದುರಿದ ಮೇಲೆ ಒಬ್ಬ ಹುಡುಗ ಉಳಿದುಕೊಂಡ. ಪದವಿ ಮುಗಿಸಿ ಒಂದು ವರ್ಷವಾಗಿದೆ, ಕೆಲಸವಿಲ್ಲ. ಖಾತೆಯನ್ನು ಪರಿಚಯದವನೊಬ್ಬನಿಗೆ ಕೊಟ್ಟಿದ್ದಾನೆ. ತಿಂಗಳಿಗೆ ಮೂರು ಸಾವಿರ ಕೊಡುವುದಾಗಿ ಹೇಳಿದ್ದನಂತೆ. ತಂದೆಗೆ ಗೊತ್ತಿಲ್ಲ. ನಾವು ಅಂದು ರಾತ್ರಿ ಅಲ್ಲಿಯೇ ಉಳಿದೆವು. ಮರುದಿನ ಬೆಳಗ್ಗೆ ತಂದೆ-ಮಗನೊಂದಿಗೆ ಬ್ಯಾಂಕಿನ ಬಾಗಿಲು ತೆರೆಯುವುದನ್ನು ಕಾದು ನಿಂತೆವು. ಖಾತೆಗೆ ಆಗಲೇ ತಡೆ ಬಿದ್ದಿತ್ತು. ಬೇರೆ ರಾಜ್ಯದ ಪೊಲೀಸರ ಕೋರಿಕೆಯಂತೆ ತಡೆಹಿಡಿಯಲಾಗಿದೆ ಎಂದು ಮ್ಯಾನೇಜರ್ ತಿಳಿಸಿದರು. ತಂದೆ ಒಂದೂ ಮಾತಾಡಲಿಲ್ಲ. ಮಗನ ಪಕ್ಕದಲ್ಲಿಯೇ ಕುಳಿತು, ಆತ ಯಾರಿಗೆ, ಎಂದು, ಏನೇನು ಕೊಟ್ಟನೆಂಬುದನ್ನು ಬಿಳಿ ಹಾಳೆಯಲ್ಲಿ ಬರೆಸಿದರು. ವಾಟ್ಸಾಪ್ ಸಂದೇಶಗಳನ್ನು ಅಳಿಸಿಲ್ಲ, ಅದೊಂದು ಒಳ್ಳೆಯದಾಯಿತು. ವಕೀಲ ಮಿತ್ರರೊಬ್ಬರು ಸೋಮವಾರ ಅವರಿಬ್ಬರನ್ನು ಕರೆದುಕೊಂಡು ಚಿಕ್ಕಮಗಳೂರಿನ ಸೈಬರ್ ಠಾಣೆಗೆ ಹೋಗಲಿದ್ದಾರೆ.